ಮಕ್ಕಳ ಮಿದುಳಿನ ಅಪಧಮನಿ ಉಬ್ಬು: ರಕ್ತನಾಳ ರೋಗವಿರುವ ಮಕ್ಕಳ ಪೋಷಕರು ಅರಿತಿರಬೇಕಾದ ಸಂಗತಿಗಳು

ಮಿದುಳಿಗೆ ರಕ್ತವನ್ನೊಯ್ಯುವ ಅಪಧಮನಿಯ ಗೋಡೆಯು ಒಂದೆಡೆ ದುರ್ಬಲಗೊಂಡು, ಒಳಗಿನ ರಕ್ತದ ಒತ್ತಡಕ್ಕೆ ಹೊರಚಾಚಿಕೊಳ್ಳುವುದನ್ನು ವೈದ್ಯರು ಅನ್ಯೂರಿಸಂ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ಅಪಧಮನಿ ಉಬ್ಬು ಎನ್ನಬಹುದು. ಸವೆದ ಸೈಕಲ್ ಟ್ಯೂಬಿಗೆ ಗಾಳಿ ತುಂಬಿದಾಗ ತೆಳುವಾದ ಜಾಗದಲ್ಲಿ ಗುಳ್ಳೆ ಏಳುವುದನ್ನು ನೋಡಿದವರಿಗೆ ಇದರ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. ಉಬ್ಬು ಒಡೆಯದೆ ಇರುವಷ್ಟು ಕಾಲ ಅನೇಕ ವೇಳೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಒಡೆದರೆ ಮಿದುಳಿನ ಸುತ್ತ ರಕ್ತ ಸೋರಿ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಒಡೆಯದ ಇಂಥ ಉಬ್ಬು ಇರುತ್ತದೆಂದು ವೈದ್ಯಕೀಯ ಅಂದಾಜು. ಮಕ್ಕಳಲ್ಲಿ ಇದು ಬಹಳ ಅಪರೂಪ. ಪತ್ತೆಯಾಗುವ ಒಟ್ಟು ಪ್ರಕರಣಗಳಲ್ಲಿ 18 ವರ್ಷದೊಳಗಿನವರ ಪಾಲು ಶೇ. 5ಕ್ಕಿಂತ ಕಡಿಮೆ. ಆದ್ದರಿಂದ ತಲೆನೋವು ಎಂದ ಪ್ರತಿಯೊಂದು ಮಗುವಿನ ವಿಷಯದಲ್ಲಿಯೂ ಗಾಬರಿಪಡಲು ಕಾರಣವಿಲ್ಲ. ಆದರೆ ಹುಟ್ಟಿನಿಂದಲೇ ರಕ್ತನಾಳದ ರೋಗವಿರುವ ಅಥವಾ ಬೇರೊಂದು ಕಾಯಿಲೆಯಿಂದ ರಕ್ತನಾಳಗಳು ಕೆಟ್ಟಿರುವ ಮಕ್ಕಳಿಗೆ ಈ ಸಾಮಾನ್ಯ ಲೆಕ್ಕ ಅನ್ವಯಿಸುವುದಿಲ್ಲ. ಅಂಥ ಮಕ್ಕಳ ತಂದೆತಾಯಿಗಳಿಗೆ ಹಾಗೂ ಅವರ ಶಿಕ್ಷಕರಿಗೆ ಈ ಲೇಖನ.

ಮಿದುಳಿನ ರಕ್ತನಾಳಗಳ ರಚನೆ

ಕುತ್ತಿಗೆಯ ಮೂಲಕ ನಾಲ್ಕು ಅಪಧಮನಿಗಳು ಮಿದುಳಿಗೆ ರಕ್ತವನ್ನು ತಲುಪಿಸುತ್ತವೆ: ಮುಂಭಾಗದಲ್ಲಿ ಎರಡು ಕೆರೋಟಿಡ್ ಅಪಧಮನಿಗಳು, ಬೆನ್ನೆಲುಬಿನ ಮಣಿಗಳಲ್ಲಿನ ರಂಧ್ರಗಳ ಮೂಲಕ ಏರುವ ಎರಡು ವರ್ಟೆಬ್ರಲ್ ಅಪಧಮನಿಗಳು. ಇವು ಮಿದುಳಿನ ತಳದಲ್ಲಿ ಒಂದಕ್ಕೊಂದು ಕೂಡಿ ಬಳೆಯಂಥ ವರ್ತುಲವಾಗುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದರಿಂದ ವಿಲ್ಲಿಸ್ ವರ್ತುಲವೆಂಬ ಹೆಸರು ಬಂದಿದೆ. ಉಬ್ಬುಗಳು ಬಹುಮಟ್ಟಿಗೆ ಈ ವರ್ತುಲದ ಆಸುಪಾಸಿನಲ್ಲಿ, ಅಪಧಮನಿ ಕವಲೊಡೆಯುವ ಮೂಲೆಗಳಲ್ಲಿ ಹುಟ್ಟುತ್ತವೆ. ಹರಿಯುವ ರಕ್ತ ನೇರವಾಗಿ ಬಂದು ಅಪ್ಪಳಿಸುವುದು ಆ ಮೂಲೆಗಳಿಗೇ.

ಪ್ರತಿ ಅಪಧಮನಿಯ ಗೋಡೆಗೂ ಮೂರು ಪದರಗಳಿವೆ. ಒಳಗೆ ನುಣುಪಾದ ಪೊರೆ, ನಡುವೆ ಸ್ನಾಯುವಿನ ಪದರ, ಹೊರಗೆ ನಾರುಗಳ ಹೊದಿಕೆ. ದೇಹದ ಇತರ ಅಪಧಮನಿಗಳಿಗೆ ಹೋಲಿಸಿದರೆ ಮಿದುಳಿನ ಅಪಧಮನಿಗಳ ಗೋಡೆ ತೆಳು. ಅವುಗಳಿಗೆ ಹೊರಗಿನ ಸ್ಥಿತಿಸ್ಥಾಪಕ ಪೊರೆ ಇರುವುದಿಲ್ಲ. ನಾರನ್ನೋ ಸ್ನಾಯುವನ್ನೋ ಕಟ್ಟುವ ವಂಶವಾಹಿಯಲ್ಲಿ ದೋಷವಿದ್ದರೆ, ಅಥವಾ ಸೋಂಕು ಗೋಡೆಯನ್ನು ತಿಂದುಹಾಕಿದರೆ, ಮೊದಲೇ ತೆಳುವಾದ ಗೋಡೆ ಒತ್ತಡವನ್ನು ತಾಳಲಾರದು.

ವಯಸ್ಕರಿಗಿಂತ ಮಕ್ಕಳಲ್ಲಿ ಭಿನ್ನವಾದುದು

ವಯಸ್ಕರಲ್ಲಿ ಧೂಮಪಾನ, ದೀರ್ಘಕಾಲದ ರಕ್ತದೊತ್ತಡ ಮತ್ತು ವಯಸ್ಸಿನ ಸವೆತ ಮುಖ್ಯ ಕಾರಣಗಳು. ಮಕ್ಕಳಲ್ಲಿ ಸಾಮಾನ್ಯವಾಗಿ ಇವು ಇರುವುದಿಲ್ಲವಾದ್ದರಿಂದ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ವಯಸ್ಕರಲ್ಲಿ ಹೆಂಗಸರ ಸಂಖ್ಯೆ ಹೆಚ್ಚಾದರೆ ಮಕ್ಕಳಲ್ಲಿ ಗಂಡುಮಕ್ಕಳೇ ಹೆಚ್ಚು. 25 ಮಿಲಿಮೀಟರಿಗಿಂತ ದೊಡ್ಡದಾದ ದೈತ್ಯ ಉಬ್ಬುಗಳು, ಮಿದುಳಿನ ಹಿಂಭಾಗದ ಅಪಧಮನಿಗಳಲ್ಲಿನ ಉಬ್ಬುಗಳು, ಗೋಡೆಯ ಪದರ ಸೀಳಿ ಉಂಟಾಗುವ ಉಬ್ಬುಗಳು, ಸೋಂಕಿನಿಂದ ಹಾಗೂ ತಲೆಗೆ ಬಿದ್ದ ಪೆಟ್ಟಿನಿಂದ ಹುಟ್ಟುವ ಉಬ್ಬುಗಳು ಮಕ್ಕಳಲ್ಲಿ ತುಲನಾತ್ಮಕವಾಗಿ ಹೆಚ್ಚು.

ಯಾವ ಕಾಯಿಲೆಯಿರುವ ಮಕ್ಕಳಲ್ಲಿ ಎಚ್ಚರ ಬೇಕು

ಸಂಯೋಜಕ ಅಂಗಾಂಶದ ರೋಗಗಳು: ಎಲರ್ಸ್-ಡಾನ್ಲೋಸ್ ರೋಗದ ರಕ್ತನಾಳ ಪ್ರಭೇದದಲ್ಲಿ ಅಪಧಮನಿಯನ್ನು ಬಿಗಿದು ಹಿಡಿಯುವ ಒಂದು ಬಗೆಯ ಕೊಲಾಜೆನ್ ಸರಿಯಾಗಿ ತಯಾರಾಗುವುದಿಲ್ಲ. ತೆಳುವಾದ ಚರ್ಮದೊಳಗೆ ಎದ್ದು ಕಾಣುವ ನರಗಳು, ಸಣ್ಣ ತಾಗುವಿಕೆಗೂ ಮೂಡುವ ನೀಲಿಗಟ್ಟುವಿಕೆ ಇದರ ಹೊರಗುರುತುಗಳು. 2005ರಲ್ಲಿ ಮೊದಲು ವರ್ಣಿತವಾದ ಲೋಯಿಸ್-ಡೀಟ್ಸ್ ರೋಗದಲ್ಲಿ ಅಪಧಮನಿಗಳು ದೇಹದೆಲ್ಲೆಡೆ ಹಾವಿನಂತೆ ಸುತ್ತಿಕೊಂಡು, ಎಳೆಯ ವಯಸ್ಸಿನಲ್ಲೇ ಉಬ್ಬಬಲ್ಲವು. ಸೀಳಿದ ಅಥವಾ ಅಗಲವಾದ ಕಿರುನಾಲಿಗೆ, ದೂರದೂರವಿರುವ ಕಣ್ಣುಗಳು ಕೆಲವು ಮಕ್ಕಳಲ್ಲಿ ಕಾಣುತ್ತವೆ. ಇವೆರಡೂ ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಮಹಾಪಧಮನಿಯ ಕಿರಿದಾಗುವಿಕೆ: ಹೃದಯದಿಂದ ಹೊರಡುವ ಮಹಾಪಧಮನಿ ಒಂದೆಡೆ ಹುಟ್ಟಿನಿಂದಲೇ ಕಿರಿದಾಗಿದ್ದರೆ ಮೇಲ್ಭಾಗದ ದೇಹಕ್ಕೆ ಒತ್ತಡ ಹೆಚ್ಚುತ್ತದೆ, ಕಾಲುಗಳಿಗೆ ತಗ್ಗುತ್ತದೆ. ಉಬ್ಬು ಸಾಮಾನ್ಯವಾಗಿ ಬೆಳೆದ ಮೇಲೆ ಕಾಣಿಸಿಕೊಂಡರೂ ಅದರ ಬೀಜ ಬಾಲ್ಯದ ಈ ಒತ್ತಡದಲ್ಲಿರಬಹುದು. ತೋಳಿನಲ್ಲಿಯೂ ಕಾಲಿನಲ್ಲಿಯೂ ರಕ್ತದೊತ್ತಡ ಅಳೆಯುವುದರಿಂದ, ತೊಡೆಸಂದಿನ ನಾಡಿ ಮುಟ್ಟಿ ನೋಡುವುದರಿಂದ ಇದರ ಸುಳಿವು ಸಿಗುತ್ತದೆ.

ವಂಶಪಾರಂಪರ್ಯ ಮೂತ್ರಪಿಂಡ ರೋಗ: ಮೂತ್ರಪಿಂಡಗಳ ತುಂಬ ನೀರುಗುಳ್ಳೆಗಳು ಬೆಳೆಯುವ, ತಂದೆ ಅಥವಾ ತಾಯಿಯಿಂದ ಬರುವ ರೋಗದಲ್ಲಿ ಮಿದುಳಿನ ಉಬ್ಬುಗಳು ಸಾಮಾನ್ಯ ಜನರಿಗಿಂತ ಹೆಚ್ಚು. ಬಾಲ್ಯದಲ್ಲಿ ಒಡೆಯುವುದು ಅತ್ಯಪರೂಪ. ಮಕ್ಕಳಲ್ಲಿ ಮಾಡಬೇಕಾದ ಮುಖ್ಯ ಕೆಲಸವೆಂದರೆ ರಕ್ತದೊತ್ತಡವನ್ನು ನಿಯಮಿತವಾಗಿ ಅಳೆದು ಹತೋಟಿಯಲ್ಲಿಡುವುದು.

ಮೊಯಾಮೊಯಾ: ವಿಲ್ಲಿಸ್ ವರ್ತುಲದ ಅಪಧಮನಿಗಳು ಕ್ರಮೇಣ ಮುಚ್ಚಿಕೊಂಡು, ಬದಲಿಗೆ ಕೂದಲೆಳೆಯಂಥ ನಾಳಗಳ ಜಾಲ ಹುಟ್ಟುವ ರೋಗವಿದು. ಚಿತ್ರದಲ್ಲಿ ಈ ಜಾಲ ಸಿಗರೇಟಿನ ಹೊಗೆಯಂತೆ ಕಂಡದ್ದರಿಂದ ಜಪಾನಿ ವೈದ್ಯರು 1969ರಲ್ಲಿ ಈ ಹೆಸರನ್ನಿಟ್ಟರು. ಮಕ್ಕಳಲ್ಲಿ ರಕ್ತಸ್ರಾವಕ್ಕಿಂತ ರಕ್ತದ ಕೊರತೆಯೇ ಹೆಚ್ಚಾಗಿ ಕಾಣುತ್ತದೆ: ಗಟ್ಟಿಯಾಗಿ ಅತ್ತಾಗ, ಪೀಪಿ ಊದಿದಾಗ, ಬಿಸಿ ಆಹಾರವನ್ನು ಊದಿ ಊದಿ ತಿಂದಾಗ ಕೈಯೋ ಕಾಲೋ ಕೆಲವು ನಿಮಿಷ ಸೋಲುತ್ತದೆ. ಹಟಮಾರಿತನವೆಂದು ಇದನ್ನು ತಳ್ಳಿಹಾಕುವುದು ಅಪಾಯಕರ.

ಹೃದಯದ ಸೋಂಕು: ಗಂಟಲು ನೋವಿನ ಒಂದು ಬಗೆಯ ಸೋಂಕಿನಿಂದ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಕೆಟ್ಟ ಕವಾಟಕ್ಕೋ ಹುಟ್ಟಿನಿಂದ ದೋಷವಿರುವ ಹೃದಯಕ್ಕೋ ರೋಗಾಣು ಅಂಟಿಕೊಂಡರೆ, ಅದರ ತುಣುಕುಗಳು ರಕ್ತದೊಂದಿಗೆ ಮಿದುಳಿಗೆ ಸಾಗಿ, ಅಪಧಮನಿಯ ಗೋಡೆಯನ್ನು ಕೊಳೆಯಿಸಿ ಉಬ್ಬನ್ನುಂಟುಮಾಡುತ್ತವೆ. ಈ ಬಗೆಯನ್ನು ಬಹುಮಟ್ಟಿಗೆ ತಡೆಯಬಹುದು. ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ವೈದ್ಯರು ಹೇಳಿದ ಅವಧಿಯವರೆಗೆ ಮೂರು-ನಾಲ್ಕು ವಾರಗಳಿಗೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ತಪ್ಪದಂತೆ ನೋಡಿಕೊಳ್ಳಬೇಕು, ಹಲ್ಲುಗಳನ್ನು ಶುಚಿಯಾಗಿಡಬೇಕು. ಹೃದ್ರೋಗವಿರುವ ಮಗುವಿಗೆ ಹಲವು ದಿನ ಬಿಡದೆ ಜ್ವರ ಬಂದರೆ ಔಷಧಿ ಅಂಗಡಿಯ ಮಾತ್ರೆಯಿಂದ ತೃಪ್ತರಾಗದೆ, ರಕ್ತದ ಕಲ್ಚರ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕವಾಸಾಕಿ ರೋಗದಲ್ಲಿಯೂ ಅನ್ಯೂರಿಸಂ ಎಂಬ ಪದ ಬರುತ್ತದೆ. ಅಲ್ಲಿ ಉಬ್ಬುವುದು ಸಾಮಾನ್ಯವಾಗಿ ಹೃದಯಕ್ಕೆ ರಕ್ತ ಕೊಡುವ ಅಪಧಮನಿಗಳು. ಚಿಕಿತ್ಸೆಯಿಲ್ಲದಿದ್ದರೆ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಈ ತೊಡಕು ಉಂಟಾಗಬಹುದು. ಜ್ವರ ಆರಂಭವಾದ ಹತ್ತು ದಿನಗಳೊಳಗೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರೆ ಅಪಾಯ ಬಹಳ ತಗ್ಗುತ್ತದೆ. ವರದಿಯಲ್ಲಿ ಅನ್ಯೂರಿಸಂ ಎಂದಿದ್ದರೆ ಅದು ಹೃದಯದ್ದೋ ಮಿದುಳಿನದೋ ಎಂದು ಕೇಳಿ ತಿಳಿಯುವುದು ಅಗತ್ಯ.

ವಯನಾಡು, ನೀಲಗಿರಿ ಮತ್ತು ಕುಡುಗೋಲು ಕಣ ರೋಗ

ನಮ್ಮ ಓದುಗರಲ್ಲಿ ಒಂದು ಭಾಗಕ್ಕೆ ಈ ವಿಷಯ ನೇರವಾಗಿ ಸಂಬಂಧಿಸುತ್ತದೆ. ಸಿಕಲ್ ಸೆಲ್ ಎಂದು ಆಸ್ಪತ್ರೆಗಳಲ್ಲಿ ಕರೆಯುವ ಕುಡುಗೋಲು ಕಣ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ವಯನಾಡಿನ ಪಣಿಯ, ಕುರುಮ ಮೊದಲಾದ ಸಮುದಾಯಗಳಲ್ಲಿಯೂ ವಯನಾಡನ್ ಚೆಟ್ಟಿ ಸಮುದಾಯದಲ್ಲಿಯೂ ಈ ರೋಗವಿದೆ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು.

ಕುಡುಗೋಲಿನಂತೆ ಬಾಗಿದ ಕೆಂಪು ಕಣಗಳು ಅಪಧಮನಿಯ ಒಳಪೊರೆಯನ್ನು ವರ್ಷಗಟ್ಟಲೆ ಗಾಸಿಗೊಳಿಸುತ್ತವೆ. ಪರಿಣಾಮವಾಗಿ ಎಳೆಯ ಮಕ್ಕಳಲ್ಲಿ ಮಿದುಳಿನ ನಾಳ ಕಿರಿದಾಗಿ ಪಾರ್ಶ್ವವಾಯು ಬರಬಹುದು. ಹದಿಹರೆಯ ಮತ್ತು ಯೌವನದಲ್ಲಿ ಒಂದಕ್ಕಿಂತ ಹೆಚ್ಚು ಉಬ್ಬುಗಳು ಕಾಣಿಸಿಕೊಳ್ಳಬಹುದು. ಆದರೆ ಇಲ್ಲಿ ಮುನ್ಸೂಚನೆ ಪಡೆಯುವ ದಾರಿಯಿದೆ. ತಲೆಯ ಬದಿಗೆ ಉಪಕರಣವನ್ನಿಟ್ಟು ಧ್ವನಿತರಂಗಗಳಿಂದ ರಕ್ತದ ವೇಗವನ್ನು ಅಳೆಯುವ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್ ಪರೀಕ್ಷೆಗೆ ಸೂಜಿಯೂ ಬೇಡ, ವಿಕಿರಣವೂ ಇಲ್ಲ. ತೀವ್ರ ಸ್ವರೂಪದ ಕುಡುಗೋಲು ಕಣ ರೋಗವಿರುವ ಮಕ್ಕಳಿಗೆ 2ರಿಂದ 16 ವರ್ಷದವರೆಗೆ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕೆಂಬುದು ಅಂತಾರಾಷ್ಟ್ರೀಯ ಶಿಫಾರಸು. ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟಾಗ ಮೊದಲ ಪಾರ್ಶ್ವವಾಯುವಿನ ಅಪಾಯ ಹತ್ತರಲ್ಲಿ ಒಂಬತ್ತು ಪಾಲು ತಗ್ಗಿತೆಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನದಲ್ಲಿ ರಕ್ತಪರೀಕ್ಷೆ ಉಚಿತ. ರೋಗವಿದೆಯೆಂದು ಗೊತ್ತಾದ ಮೇಲೆ ಡಾಪ್ಲರ್ ಪರೀಕ್ಷೆ ಎಲ್ಲಿ ದೊರೆಯುತ್ತದೆಂದು ಕೇಳುವ ಹೊಣೆ ಪೋಷಕರದೂ ಹೌದು, ಪೋಷಕರಿಗೆ ಅದನ್ನು ತಿಳಿಸುವ ಹೊಣೆ ಶಾಲೆಯದೂ ಹೌದು.

ಅಪಾಯದ ಲಕ್ಷಣಗಳು

ಮಕ್ಕಳ ತಲೆನೋವುಗಳಲ್ಲಿ ಹೆಚ್ಚಿನವು ಮೈಗ್ರೇನ್, ನಿದ್ರೆಗೇಡು, ಹಸಿವು, ಜ್ವರ ಇವುಗಳಿಂದ ಬರುವಂಥವು. ಅವು ನಿಧಾನವಾಗಿ ಏರುತ್ತವೆ. ಉಬ್ಬು ಒಡೆದಾಗಿನ ತಲೆನೋವು ಸಿಡಿಲೆರಗಿದಂತೆ ಬರುತ್ತದೆ. ಕ್ಷಣಮಾತ್ರದಲ್ಲಿ, ಹೆಚ್ಚೆಂದರೆ ಒಂದೆರಡು ನಿಮಿಷಗಳಲ್ಲಿ ಪರಾಕಾಷ್ಠೆ ಮುಟ್ಟುತ್ತದೆ. ಜೊತೆಗೆ ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡಬಾರದು:

- ವಾಂತಿ, ಕುತ್ತಿಗೆ ಸೆಟೆದುಕೊಳ್ಳುವುದು, ಬೆಳಕನ್ನು ನೋಡಲಾಗದಿರುವುದು
- ಫಿಟ್ಸ್, ಪ್ರಜ್ಞೆ ತಪ್ಪುವುದು, ಮಂಪರು, ಅಸಂಬದ್ಧ ಮಾತು
- ಒಂದು ಬದಿಯ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು
- ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋಲುವುದು, ಆ ಕಣ್ಣಿನ ಪಾಪೆ ದೊಡ್ಡದಾಗುವುದು, ಒಂದು ವಸ್ತು ಎರಡಾಗಿ ಕಾಣುವುದು

ಕೊನೆಯ ಲಕ್ಷಣ ಉಬ್ಬು ಒಡೆಯುವ ಮೊದಲೇ, ಅದು ಕಣ್ಣಿನ ನರವನ್ನು ಒತ್ತಿದಾಗ ಕಾಣಿಸಬಹುದು. ಕನ್ನಡಕದ ಅಂಗಡಿಗೆ ಕರೆದೊಯ್ಯುವ ವಿಷಯ ಇದಲ್ಲ. ಮಾತು ಬಾರದ ಶಿಶುಗಳಲ್ಲಿ ಕೀರಲು ದನಿಯ ಎಡೆಬಿಡದ ಅಳು, ಹಾಲು ಕುಡಿಯದಿರುವುದು, ವಾಂತಿ, ನೆತ್ತಿಯ ಮೆತ್ತಗಿನ ಭಾಗ ಉಬ್ಬಿ ಬಿಗಿಯುವುದು ಎಚ್ಚರಿಕೆಯ ಗುರುತುಗಳು.

ಮನೆಯಲ್ಲಿ, ಶಾಲೆಯಲ್ಲಿ ಮಾಡಬೇಕಾದುದು

ಮೊದಲು 108ಕ್ಕೆ ಕರೆ ಮಾಡಬೇಕು. ಲಕ್ಷಣ ಆರಂಭವಾದ ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಮಗು ವಾಂತಿ ಮಾಡುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ ಕುತ್ತಿಗೆ ತಿರುಚದಂತೆ ನೋಡಿಕೊಳ್ಳಬೇಕು. ನೀರು, ಗಂಜಿ, ಕಾಫಿ ಏನನ್ನೂ ಬಾಯಿಗೆ ಹಾಕಬಾರದು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಅದನ್ನು ಕೊಡಲೇಬಾರದು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಹಿಡಿಸುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಇವುಗಳಿಂದ ಪ್ರಯೋಜನವಿಲ್ಲ. ಚಮಚದಿಂದ ಹಲ್ಲು ಮುರಿದು ಉಸಿರು ಕಟ್ಟಬಹುದು. ದೃಷ್ಟಿ ತೆಗೆಯಲು, ತಾಯಿತ ಕಟ್ಟಿಸಲು ಹೋಗುವ ಒಂದೊಂದು ಗಂಟೆಯೂ ಮಗುವಿನ ಲೆಕ್ಕದಿಂದ ಕಳೆಯುತ್ತದೆ.

ಪತ್ತೆಹಚ್ಚುವ ವಿಧಾನ

ಶಂಕೆಯಿದ್ದಾಗ ಮೊದಲ ಪರೀಕ್ಷೆ ತಲೆಯ ಸಿ.ಟಿ. ಸ್ಕ್ಯಾನ್. ತಲೆನೋವು ಆರಂಭವಾದ ಆರು ಗಂಟೆಗಳೊಳಗೆ ಮಾಡಿದರೆ ಸೋರಿದ ರಕ್ತ ಬಹುಪಾಲು ತಪ್ಪದೆ ಕಾಣುತ್ತದೆ. ತಡವಾದಷ್ಟೂ ಕಾಣದೆ ಹೋಗುವ ಸಾಧ್ಯತೆ ಹೆಚ್ಚು. ಆಗ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕಾಗಬಹುದು. ಸೊಂಟದ ಕೆಳಭಾಗದಲ್ಲಿ ಮಾಡುವ ಈ ಪರೀಕ್ಷೆಯಿಂದ ಕಾಲು ಬಿದ್ದುಹೋಗುತ್ತದೆಂಬ ಭಯ ನಮ್ಮ ಊರುಗಳಲ್ಲಿ ಇದೆ. ಬೆನ್ನುಹುರಿ ಕೊನೆಗೊಂಡ ಜಾಗಕ್ಕಿಂತ ಕೆಳಗೆ ಸೂಜಿ ಹಾಕುವುದರಿಂದ ಆ ಭಯಕ್ಕೆ ಆಧಾರವಿಲ್ಲ.

ಉಬ್ಬಿನ ಆಕಾರ ತಿಳಿಯಲು ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಂ ಮಾಡುತ್ತಾರೆ. ಅತ್ಯಂತ ನಿಖರವಾದುದು ತೊಡೆಯ ಅಥವಾ ಕೈಯ ಅಪಧಮನಿಯ ಮೂಲಕ ಸಣ್ಣ ನಳಿಕೆ ಸೇರಿಸಿ ಮಾಡುವ ಡಿ.ಎಸ್.ಎ. ಪರೀಕ್ಷೆ. ಮಿದುಳಿನ ಅಪಧಮನಿಗಳ ಈ ಬಗೆಯ ಚಿತ್ರಣವನ್ನು 1927ರಲ್ಲಿ ಮೊದಲು ಸಾಧಿಸಿದವರು ಪೋರ್ಚುಗಲ್‌ನ ಎಗಾಸ್ ಮೊನಿಜ್. ಎಲರ್ಸ್-ಡಾನ್ಲೋಸ್ ರಕ್ತನಾಳ ಪ್ರಭೇದವಿರುವವರಲ್ಲಿ ನಳಿಕೆಯಿಂದಲೇ ಅಪಧಮನಿ ಸೀಳುವ ಅಪಾಯವಿರುವುದರಿಂದ, ಕುಟುಂಬದಲ್ಲಿ ಅಂಥ ರೋಗವಿದ್ದರೆ ಮೊದಲೇ ಹೇಳಬೇಕು.

ಚಿಕಿತ್ಸೆ

ಒಡೆದ ಉಬ್ಬು ಮತ್ತೆ ಸೋರುವ ಅಪಾಯ ಮೊದಲ 24 ಗಂಟೆಗಳಲ್ಲಿ ಅತಿ ಹೆಚ್ಚು. ಅದಕ್ಕಾಗಿಯೇ ಅವಸರ. ಮುಖ್ಯ ವಿಧಾನಗಳು ಎರಡು. ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಲೋಹದ ಕ್ಲಿಪ್ ಹಾಕುವುದು ಒಂದು. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಇದನ್ನು ಮೊದಲು ಮಾಡಿದರು. ತಲೆ ತೆರೆಯದೆ, ರಕ್ತನಾಳದೊಳಗಿನಿಂದಲೇ ನಳಿಕೆ ಸಾಗಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿಗಳನ್ನು ತುಂಬುವುದು ಇನ್ನೊಂದು. ಗೂಗ್ಲಿಯೆಲ್ಮಿ ರೂಪಿಸಿದ ಕಳಚುವ ಸುರುಳಿಗಳಿಂದ 1990ರ ದಶಕದಲ್ಲಿ ಇದು ಬಳಕೆಗೆ ಬಂತು. ಯಾವುದು ಸೂಕ್ತವೆಂಬುದು ಉಬ್ಬಿನ ಜಾಗ, ಆಕಾರ, ಮಗುವಿನ ವಯಸ್ಸು ಮತ್ತು ಮೂಲ ರೋಗವನ್ನು ಅವಲಂಬಿಸಿದೆ. ಸೋಂಕಿನಿಂದಾದ ಉಬ್ಬಿಗೆ ವಾರಗಟ್ಟಲೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಡುವುದೂ ಚಿಕಿತ್ಸೆಯ ಭಾಗ. ಒಡೆಯದ ಸಣ್ಣ ಉಬ್ಬನ್ನು ಕೆಲವೊಮ್ಮೆ ಮುಟ್ಟದೆ, ನಿಗದಿತ ಕಾಲಕ್ಕೆ ಸ್ಕ್ಯಾನ್ ಮಾಡುತ್ತ ಕಾಯುತ್ತಾರೆ.

ಉಬ್ಬನ್ನು ಮುಚ್ಚಿದೊಡನೆ ಅಪಾಯ ಮುಗಿಯುವುದಿಲ್ಲ. ರಕ್ತಸ್ರಾವದ ನಾಲ್ಕನೆಯ ದಿನದಿಂದ ಎರಡು ವಾರದವರೆಗೆ ಮಿದುಳಿನ ಅಪಧಮನಿಗಳು ಸಂಕುಚಿತವಾಗಿ ಹೊಸದಾಗಿ ಪಾರ್ಶ್ವವಾಯು ಬರಬಹುದು. ಮಿದುಳಿನೊಳಗೆ ದ್ರವ ತುಂಬಿಕೊಂಡರೆ ಅದನ್ನು ಹೊರಹರಿಸಲು ಕೊಳವೆ ಹಾಕಬೇಕಾಗಬಹುದು. ಮಗು ಕಣ್ಣು ತೆರೆದು ಮಾತನಾಡಿತೆಂದು ಒತ್ತಾಯದಿಂದ ಮನೆಗೆ ಕರೆತರುವುದು ತರವಲ್ಲ.

ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ, ವೆಲ್ಲೂರಿನ ಸಿ.ಎಂ.ಸಿ., ಹೈದರಾಬಾದಿನ ನಿಮ್ಸ್ ಮೊದಲಾದೆಡೆ ಮಿದುಳಿನ ರಕ್ತನಾಳಗಳ ತಜ್ಞ ವೈದ್ಯರಿದ್ದಾರೆ.

ಮರಳಿ ಶಾಲೆಗೆ

ಮಕ್ಕಳಲ್ಲಿ ಉಬ್ಬು ಮರುಕಳಿಸುವ ಹಾಗೂ ಹೊಸದು ಹುಟ್ಟುವ ಸಂಭವ ವಯಸ್ಕರಿಗಿಂತ ಹೆಚ್ಚು. ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. ಆದ್ದರಿಂದ ಸ್ಕ್ಯಾನ್ ಮಾಡಿಸುತ್ತಲೇ ಇರುವುದು ಜೀವನಪೂರ್ತಿ ನಡೆಯಬೇಕಾದ ಕೆಲಸ. ಮರಳಿ ಬಂದ ಮಗು ಬೇಗ ದಣಿಯಬಹುದು, ಮರೆಯಬಹುದು, ಸಿಡುಕಬಹುದು. ಅದನ್ನು ಸೋಮಾರಿತನವೆನ್ನದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ತರಗತಿಯ ನಡುವೆ ವಿಶ್ರಾಂತಿ ಒದಗಿಸಬೇಕು. ಯಾವ ಆಟ ಆಡಬಹುದು, ಯಾವುದು ಬೇಡ ಎಂಬುದನ್ನು ವೈದ್ಯರಿಂದ ಬರೆಸಿ ತರಬೇಕು. ಆಟದಿಂದ ಪೂರ್ತಿಯಾಗಿ ದೂರವಿಡುವುದೂ ಮಗುವಿಗೆ ಇನ್ನೊಂದು ಶಿಕ್ಷೆಯಾಗುತ್ತದೆ.

ಗಡಿ, ಭಾಷೆ ಮತ್ತು ಕಾಗದಪತ್ರ

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು, ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ತಡೆಯನ್ನು ತೆರವುಗೊಳಿಸಲು ಆದೇಶಿಸಿದ್ದು ನಮಗೆಲ್ಲ ನೆನಪಿದೆ. ಇಂದು ರಸ್ತೆ ತೆರೆದಿದೆ. ಆದರೂ ಗಡಿಯಾಚೆಯ ಆಸ್ಪತ್ರೆಗೆ ಆಂಬುಲೆನ್ಸ್ ಬರುತ್ತದೆಯೇ, ತಮ್ಮ ರಾಜ್ಯದ ಆರೋಗ್ಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಅಪಾಯದಲ್ಲಿರುವ ಮಗುವಿನ ಮನೆಯವರು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಆಯುಷ್ಮಾನ್ ಭಾರತ್ ಯೋಜನೆಯ ಫಲಾನುಭವಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿದ್ದು, ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲಿಯೂ ಅದನ್ನು ಬಳಸಲು ಅವಕಾಶವಿದೆ. ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳ ಹೃದಯದೋಷವನ್ನು ಉಚಿತವಾಗಿ ತಪಾಸಿಸುತ್ತದೆ. ಆ ದಿನ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳಿ.

ಭಾಷೆಯ ತೊಡಕು ಇನ್ನೂ ಸೂಕ್ಷ್ಮವಾದುದು. ನಮ್ಮ ಎಷ್ಟೋ ಮನೆಗಳಲ್ಲಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಸರಾಗವಾಗಿ ಮಾತನಾಡುವವರು ಶಾಲೆಗೆ ಹೋಗುವ ಮಕ್ಕಳೇ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ದುಭಾಷಿಯಾಗುವವರೂ ಅವರೇ. ಆ ಮಗುವೇ ಪ್ರಜ್ಞೆ ತಪ್ಪಿ ಮಲಗಿದಾಗ ಮನೆಯ ದುಭಾಷಿ ಇಲ್ಲವಾಗುತ್ತಾನೆ. ತಲೆನೋವು ಎಂಬುದನ್ನು ಕೈಸನ್ನೆಯಿಂದಲಾದರೂ ಹೇಳಬಹುದು. ಅದು ಒಮ್ಮೆಲೇ ಬಂತು ಎಂಬುದು ಸನ್ನೆಗೆ ನಿಲುಕುವುದಿಲ್ಲ. ರೋಗನಿದಾನದ ಕೀಲಿ ಇರುವುದು ಆ ಒಂದು ಪದದಲ್ಲಿಯೇ. ಆದ್ದರಿಂದ ಮಲಯಾಳದಲ್ಲಿ ‘ಪೆಟ್ಟೆನ್ನ್’, ತಮಿಳಿನಲ್ಲಿ ‘ತಿಡೀರ್’, ಮರಾಠಿಯಲ್ಲಿ ‘ಅಚಾನಕ್’, ತೆಲುಗಿನಲ್ಲಿ ‘ಅಕಸ್ಮಾತ್ತುಗಾ’ ಎಂಬ ಪದಗಳಲ್ಲಿ ತಮ್ಮ ಊರಿಗೆ ಬೇಕಾದುದನ್ನು ಮನೆಯ ಹಿರಿಯರೆಲ್ಲರೂ ಬಾಯಿಪಾಠ ಮಾಡಿಕೊಂಡಿರಲಿ.

ಜೊತೆಗೆ ಒಂದು ಹಾಳೆಯನ್ನು ಸಿದ್ಧಪಡಿಸಿ: ಮಗುವಿನ ಹೆಸರು, ವಯಸ್ಸು, ತೂಕ, ರಕ್ತದ ಗುಂಪು, ಮೂಲ ರೋಗದ ಹೆಸರು, ಸೇವಿಸುತ್ತಿರುವ ಔಷಧಿಗಳು, ಒಗ್ಗದ ಔಷಧಿಗಳು, ಹಿಂದಿನ ಸ್ಕ್ಯಾನಿನ ದಿನಾಂಕ, ಕುಟುಂಬದಲ್ಲಿ ಯಾರಿಗಾದರೂ ಇಂಥ ರೋಗವಿದ್ದರೆ ಅದರ ವಿವರ. ಎಡಗಡೆ ಕನ್ನಡದಲ್ಲಿ, ಬಲಗಡೆ ಆಯಾ ರಾಜ್ಯದ ಭಾಷೆಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆದು ಒಂದು ಪ್ರತಿ ಮನೆಯಲ್ಲಿಯೂ ಒಂದು ಪ್ರತಿ ತರಗತಿ ಶಿಕ್ಷಕರಲ್ಲಿಯೂ ಇರಲಿ. ಒಪ್ಪಿಗೆ ಪತ್ರಕ್ಕೆ ರುಜು ಹಾಕುವ ಮೊದಲು ಅದನ್ನು ತಿಳಿಯುವ ಭಾಷೆಯಲ್ಲಿ ವಿವರಿಸಿ ಎಂದು ಕೇಳುವುದು ಪೋಷಕರ ಹಕ್ಕು. ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಸಂವಿಧಾನದ 350ನೆಯ ವಿಧಿ ಅವಕಾಶ ಕೊಟ್ಟಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಸಹಾಯಕರು ಬೇಕೆಂಬ ಮನವಿಯನ್ನು ಶಾಲಾ ಪೋಷಕರ ಸಭೆಯ ಹೆಸರಿನಲ್ಲಿ ಕನ್ನಡದಲ್ಲಿಯೇ ಕೊಡಬಹುದು. ಮುಂದಿನ ಪೋಷಕರ ಸಭೆಯ ಕಾರ್ಯಸೂಚಿಯಲ್ಲಿ ಈ ಹಾಳೆಯನ್ನೂ ಆ ಮನವಿಯನ್ನೂ ಸೇರಿಸಿಕೊಳ್ಳಬೇಕೆಂದು ವಿನಂತಿ.